ಇಪ್ಪತ್ತನಾಲ್ಕರ ಮಗ್ಗಿ

ಮಾಡೆಲ್ ಕಾರು ಕಟ್ಟುವವರು ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲೊಬ್ಬ ಇಪ್ಪತ್ತನಾಲ್ಕರ ಮಗ್ಗಿಯವನು ಇದ್ದೇ ಇರುತ್ತಾನೆ. ಒಂದು ಕೈಯಲ್ಲಿ ಕೂದಲೆಳೆಯನ್ನೂ ಅಳೆಯುವ ಡಿಜಿಟಲ್ ವರ್ನಿಯರ್, ಇನ್ನೊಂದರಲ್ಲಿ ಫೋನಿನ ಕ್ಯಾಲ್ಕುಲೇಟರ್. 1/24 ಅಳತೆಯ, ಅಂದರೆ ಅಸಲಿಗಿಂತ 24 ಪಟ್ಟು ಚಿಕ್ಕ ಕಾರು ಕಂಡರೆ ‘ಚೆನ್ನಾಗಿದೆ’ ಅಂತ ಒಂದು ಮಾತಿಲ್ಲ, ನೇರ ಬಾಗಿಲ ಸಂದಿಗೆ ವರ್ನಿಯರ್ ತೂರಿಸುತ್ತಾನೆ. “0.35 ಮಿ.ಮೀ. ಇದೆ ಸಾರ್. ಗುಣಿಸು 24, ಎಂಟು ಮಿ.ಮೀ. ದಾಟ್ತು. ಒರಿಜಿನಲ್ ಕಾರಲ್ಲಿ ನಾಲ್ಕೇ ಇರೋದು.” ಮೈ ಉರಿಯುವುದು ಯಾಕೆಂದರೆ, ಲೆಕ್ಕ ಸರಿಯಾಗಿಯೇ ಇರುತ್ತದೆ.

ಆದರೆ ಪುಣ್ಯಾತ್ಮ ದೂರವನ್ನು ಗುಣಿಸುವುದನ್ನು ಮಾತ್ರ ಮರೆತುಬಿಡುತ್ತಾನೆ. ಮೇಜಿನ ಮೇಲಿನ ಕಾರನ್ನು ನೋಡುವುದು ಅರ್ಧ ಮೀಟರ್ ಆಚೆಯಿಂದ. ಅಂದರೆ 12 ಮೀಟರ್. ರಸ್ತೆಯ ಆ ಬದಿಗೆ ನಿಲ್ಲಿಸಿದ ಕಾರು. ಅಷ್ಟು ದೂರಕ್ಕೆ ಬಾಗಿಲ ಸಂದಿ ಪೆನ್ನಲ್ಲಿ ಎಳೆದ ಕಪ್ಪು ಗೆರೆಯಾಗಿ ಕಾಣುವುದಿಲ್ಲ, ಒಂದು ಸಣ್ಣ ನೆರಳು ಕಂಡರೆ ಹೆಚ್ಚು. ಹಾಗಾಗಿ ಬಿಳಿ ಬಾಡಿಯ ಸಂದಿಗೆ ಬೂದು ವಾಶ್ (ನೀರಿನಷ್ಟು ತೆಳ್ಳಗೆ ಮಾಡಿದ ಬಣ್ಣ) ಬಿಡಬೇಕು, ಕೆಂಪಿಗೆ ಕಡುಗಂದು. ಅಚ್ಚ ಕಪ್ಪು ಬಿಟ್ಟರೆ ಬಿಡಿಭಾಗಗಳ ಕಿಟ್‌ನ ಅಗಲವಾದ ಸಂದಿ ಇನ್ನೂ ಬಾಯಿ ಬಿಡುತ್ತದೆ.

ಬಣ್ಣದಲ್ಲೂ ಇದೇ ಕತೆ. ಕಾರು ಕಂಪನಿಯ ಬಣ್ಣದ ಕೋಡ್ ನೋಡಿ, ಅಸಲಿ ಕಾರಿನ ಮೆಟಾಲಿಕ್ ಪೇಂಟನ್ನೇ ತಂದು ಹೊಡೆದರೆ ಇದಕ್ಕಿಂತ ನೈಜವಾದದ್ದು ಇನ್ನೇನು ಬೇಕು ಅನ್ನಿಸಬಹುದು. ಆದರೆ ಅದರೊಳಗಿನ ಮಿನುಗು ಕಣ ಚಿಕ್ಕದಾಗುವುದಿಲ್ಲವಲ್ಲ. 30 ಮೈಕ್ರಾನಿನ ಕಣ 24ರ ಲೆಕ್ಕದಲ್ಲಿ ಮುಕ್ಕಾಲು ಮಿಲಿಮೀಟರ್ ಹತ್ತಿರ ಬರುತ್ತದೆ. ಕಾರು ಗಣೇಶನ ಪೆಂಡಾಲಿನ ಜರಿ ಕಾಗದದ ಹಾಗೆ ಮಿಣಿಮಿಣಿ ಅನ್ನುತ್ತದೆ. ಕೋಡು ಬಿಡಿ, ನುಣ್ಣನೆ ಕಣದ ಮಾಡೆಲ್ ಪೇಂಟನ್ನೇ ಹುಡುಕಿ. ಛಾಯೆ ಒಂದು ಗೆರೆ ತಿಳಿಯಾಗಿದ್ದರೆ ಇನ್ನೂ ಒಳ್ಳೆಯದು.

ಹೊಳಪು ಎಷ್ಟಿರಬೇಕು ಅನ್ನುವುದಕ್ಕೆ ಜಗಳ ಇವತ್ತಿಗೂ ಮುಗಿದಿಲ್ಲ. ಬಾಡಿ ಎಷ್ಟು ಬೇಕಾದರೂ ಹೊಳೆಯಲಿ, ಟೈರು ಮತ್ತು ತಳ ಮಾತ್ರ ಹೊಳೆಯಕೂಡದು. ಕಾರು ಆಟಿಕೆಯ ಹಾಗೆ ಕಾಣುವುದು ಅರ್ಧ ಪಾಲು ಟೈರಿನಿಂದಲೇ. ಟೈರಿನ ನಡುವಿನ ಅಚ್ಚಿನ ಗೆರೆಯನ್ನು 400 ನಂಬರಿನ ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜಿ ತೆಗೆದರೆ ಜೊತೆಗೆ ಹೊಳಪೂ ಹೋಗುತ್ತದೆ. ಬಾಡಿಯ ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಒಂದು ವಾರ ಒಣಗಲಿ, ಆಮೇಲೆ 2000 ನಂಬರಿನ ಪೇಪರು, ನೀರು, ಕೊನೆಗೆ ಪಾಲಿಶ್ ಮಾಡುವ ಕಾಂಪೌಂಡ್. ಬಾನೆಟ್ಟಿನ ಅಂಚಿಗೆ ಮೊದಲೇ ಟೇಪ್ ಅಂಟಿಸಿಕೊಳ್ಳಿ. ಏಣಿನ ಮೇಲೆ ಬಣ್ಣ ನಿಲ್ಲುವುದೇ ತೆಳ್ಳಗೆ, ನಾಲ್ಕು ಸಲ ಉಜ್ಜಿದರೆ ಪ್ರೈಮರ್ ಹಲ್ಲು ಕಿರಿಯುತ್ತದೆ. ಹೆಡ್‌ಲೈಟಿನ ಗಾಜಿಗೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಹಬೆಗೆ ಗಾಜು ಪೊರೆ ಬಂದ ಕಣ್ಣಾಗುತ್ತದೆ. ಫೆವಿಕಾಲ್ ಸಾಕು. ಮಂಗಳೂರಿನ ಕಡೆಯವರು ಜುಲೈಯಲ್ಲಿ ಲ್ಯಾಕರ್ ಬಣ್ಣದ ಸ್ಪ್ರೇ ಕ್ಯಾನ್ ಮುಟ್ಟಲೇಬೇಡಿ; ಗಾಳಿಯ ತೇವ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ.

ಮಗ್ಗಿಯವನು ಬಾಯಿ ಮುಚ್ಚುವುದು ಒಂದೇ ಕಾರಿನ ಮುಂದೆ: 3ಡಿ ಪ್ರಿಂಟ್ ಮಾಡಿಸಿದ ಬಿಳಿ ಅಂಬಾಸಡರ್. ಅಸಲಿ ಗಾಡಿಯದ್ದೇ ನಾಲ್ಕು ಬಾಗಿಲಿನ ಸಂದಿ ನಾಲ್ಕು ಥರ ಇರುತ್ತಿತ್ತು, ಯಾವುದಕ್ಕೆ ಹೋಲಿಸುತ್ತಾನೆ? ಅದನ್ನು ತಯಾರಿಸುತ್ತಿದ್ದ, ಕೋಲ್ಕತ್ತಾ ಹತ್ತಿರದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತೇಹೋಯಿತು. ಹಿಂದಿನ ಸೀಟಿನಲ್ಲಿ ದೊಡ್ಡವರು ನಾಲ್ಕು, ತೊಡೆ ಮೇಲೆ ಮಕ್ಕಳು ಮೂರು ಅಂತ ಧರ್ಮಸ್ಥಳಕ್ಕೆ ಹೋಗಿಬಂದ ಆ ಗಾಡಿ ಈಗಿನ ಮಕ್ಕಳಿಗೆ ಶೋಕೇಸಿನ 18 ಸೆಂ.ಮೀ. ಅಷ್ಟೇ. ಅದನ್ನೂ ಕನ್ನಡಿಯ ಹಾಗೆ ಹೊಳೆಸಿಟ್ಟರೆ ಸುಳ್ಳು ಹೇಳಿದಂತೆ. ಅದಕ್ಕೆ ಧೂಳು ಬೇಕು.

ಧೂಳು ಹಿಡಿಸುವುದು ತಾಳ್ಮೆಯ ಕೆಲಸ. ಇಟ್ಟಿಗೆ ಬಣ್ಣದ ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಲ್ಲಿ ಹೆರೆದು, ಆ ಪುಡಿಯನ್ನು ಚಕ್ರದ ಹಿಂದೆ, ಬಾಗಿಲ ಕೆಳಗೆ ಬ್ರಶ್ಶಿನಲ್ಲಿ ಕೂರಿಸಬೇಕು. ವೈಪರ್ ಆಡುವ ಜಾಗಕ್ಕೆ ಕಮಾನಾಗಿ ಟೇಪ್ ಕತ್ತರಿಸಿ ಅಂಟಿಸಿ, ಆಮೇಲೆ ಗಾಜಿಗೆ ಪುಡಿ. ಪುಡಿ ಅಂಟಿ ನಿಲ್ಲಲಿ ಅಂತ ಮೇಲೆ ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಹೊಡೆದರೆ ಅರ್ಧ ಪುಡಿಯನ್ನು ಅದೇ ನುಂಗುತ್ತದೆ, ಹಾಗಾಗಿ ಎಷ್ಟೋ ಜನ ಹೊಡೆಯದೆ ಬಿಡುತ್ತಾರೆ.

ಆಗ ಬರುತ್ತದೆ ಆಯುಧಪೂಜೆ.

“ಎಷ್ಟು ಧೂಳು ಕೂತಿದೆ ನೋಡು! ಅಷ್ಟು ದುಡ್ಡು ಸುರೀತಾನೆ, ಒಂದಿನ ಒರೆಸಲ್ಲ” ಅಂತ ಅಮ್ಮನೋ ಅತ್ತೆಯೋ ಒದ್ದೆ ಬಟ್ಟೆ ತೆಗೆದುಕೊಳ್ಳುತ್ತಾರೆ. ಧೂಳೆಲ್ಲ ಎರಡು ಉಜ್ಜಿಗೆ ಹೋಯಿತು, ಜೊತೆಗೆ ಒಂದು ಸೈಡ್ ಮಿರರ್. ಆಮೇಲೆ ನಿಂಬೆಹಣ್ಣು. ಇಂಥ ಹೊತ್ತಲ್ಲಿ ಮಗ್ಗಿಯವನು ಬೇಕಿತ್ತು! ನಿಂಬೆ 4 ಸೆಂ.ಮೀ., ಗುಣಿಸು 24, 96 ಸೆಂ.ಮೀ. ಟೈರಿನ ಎತ್ತರವೇ 2.6 ಸೆಂ.ಮೀ. ಚಕ್ರದ ಕೆಳಗೆ ಹಣ್ಣಿಡುವುದು ಸಾಧ್ಯವಿಲ್ಲವೆಂದು ಕಾರನ್ನೇ ಎತ್ತಿ ನಾಲ್ಕು ಹಣ್ಣಿನ ಮೇಲೆ ಕೂರಿಸುತ್ತಾರೆ. ಬಾನೆಟ್ಟಿನ ಮೇಲೆ 1.2 ಮೀಟರ್ ಅಗಲದ ಚೆಂಡುಹೂವು, ತಟ್ಟೆಯಷ್ಟಗಲ ಕುಂಕುಮದ ಬೊಟ್ಟು. ಗ್ರಿಲ್ಲಿಗೆ ಊದುಬತ್ತಿ ಸಿಕ್ಕಿಸಲು ಜಾಗ ಹುಡುಕುತ್ತಾರೆ. ಸಂದಿ ಎಂಟು ಮಿ.ಮೀ. ಆಯಿತು ಅಂತ ಗೋಳಾಡಿದವನು ಬಂದು ನೋಡಲಿ. ಬೇಡ ಅಂದರೆ, “ಗಾಡಿಗೆ ಪೂಜೆ ಬೇಡ ಅಂತೀಯಲ್ಲೋ!”

ಅರಿಶಿನದ ಕಲೆಗೆ ಕಾಂಪೌಂಡ್ ಹಾಕಿ ತಿಕ್ಕಬೇಡಿ, ಅಂಚಿನ ಬಣ್ಣ ಹೋಗುತ್ತದೆ. ಬೆಳಗಿನ ಎಳೆಬಿಸಿಲಲ್ಲಿ ನಾಲ್ಕಾರು ದಿನ ಇಟ್ಟರೆ ತಾನಾಗಿ ಮಾಸುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಬಾಡಿ ಸೊಟ್ಟಗಾಗುತ್ತದೆ. ಸಂದಿಯೊಳಗೆ ಸೇರಿದ ಕುಂಕುಮವನ್ನು ಹಾಗೇ ಬಿಡಿ. ನಮ್ಮ ಕಡೆಯ ಯಾವ ಟ್ಯಾಕ್ಸಿಯ ಬಾನೆಟ್ಟಿನಲ್ಲಿ ಅದಿಲ್ಲ ಹೇಳಿ?