ಮೊದಲು ಶಾಕ್, ಆಮೇಲೆ ಸ್ಪ್ರಿಂಗ್

ಮೈಸೂರಿನಿಂದ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಕಾರಿನ ಸ್ಪ್ರಿಂಗ್ ಕಟ್ ಮಾಡಿಸಿ ತಗ್ಗಿಸ್ತೀನಿ, ಶಾಕ್ (ಶಾಕ್ ಅಬ್ಸಾರ್ಬರ್) ಚೆನ್ನಾಗೇ ಇದೆ, ಹಾಗೇ ಇರಲಿ ಅಂದ. ಬೇಡ ಮಾರಾಯ ಅಂದೆ. ಯಾಕೆ ಬೇಡ ಅಂತ ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 1994ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಹೆಚ್ಚುಕಡಿಮೆ ಒಂದು ಟನ್ ತೂಕ, ಎದ್ದು ನಿಲ್ಲುವ ಹೆಡ್‌ಲೈಟ್, ನಾಲ್ಕೂ ಚಕ್ರಕ್ಕೆ, ಚಕ್ರವನ್ನು ಎರಡು ತೋಳುಗಳಿಂದ ಹಿಡಿಯುವ ಡಬಲ್ ವಿಶ್‌ಬೋನ್. ಇಷ್ಟು ಖುಷಿ ಕೊಡುವ ಕಾರು ಈ ಬೆಲೆಗೆ ಇನ್ನೊಂದಿಲ್ಲ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಆದರೆ ಇದಕ್ಕೊಂದು ಕೊರತೆ ಇದೆ. ಚಕ್ರ ಮೇಲೆ ಕೆಳಗೆ ಆಡೋಕೆ ಜಾಗ ಕಮ್ಮಿ.

ನಾಲ್ಕು ವರ್ಷದ ಹಿಂದೆ ನಾನೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗಿಡ್ಡ ಸ್ಪ್ರಿಂಗ್ ತರಿಸಿ ಹಳೇ ಶಾಕ್ ಮೇಲೇ ಹಾಕಿಸಿದೆ. ನೋಡೋಕೆ ಬಹಳ ಚೆನ್ನಾಗಿತ್ತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೊಸೆ ಪಕ್ಕದ ಮೌಂಟ್ ಹ್ಯಾಮಿಲ್ಟನ್ ರಸ್ತೆ ಇದೆಯಲ್ಲ, ಲಿಕ್ ವೀಕ್ಷಣಾಲಯಕ್ಕೆ ಹತ್ತುವುದು, ಅಲ್ಲಿಂದ ಇಳಿಯುವಾಗ ಒಂದು ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕಿತು, ದೊಡ್ಡದೇನಲ್ಲ, ಟಾರ್ ತೇಪೆ ಅಷ್ಟೇ, ಹಿಂದಿನಿಂದ ಧಡ್ ಅಂತ ಸದ್ದು ಬಂತು, ಕಾರಿನ ಹಿಂಭಾಗ ಒಂದಡಿ ಪಕ್ಕಕ್ಕೆ ಜಾರಿತು. ವೇಗ ಜಾಸ್ತಿ ಇರಲಿಲ್ಲ. ಆ ಕಡೆ ಇದ್ದದ್ದು ಇಳಿಜಾರು. ಕೈ ನಡುಗುವುದು ನಿಲ್ಲೋಕೆ ಸುಮಾರು ಹೊತ್ತು ಬೇಕಾಯಿತು.

ಮನೆಗೆ ಬಂದು ಹಿಂದಿನ ಶಾಕ್‌ನ ರಾಡಿಗೆ ಒಂದು ಝಿಪ್ ಟೈ (ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಬಿಗಿದು, ಅದನ್ನು ಕೆಳಕ್ಕೆ ದೂಡಿ, ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದೆ. ಶಾಕ್ ಎಷ್ಟು ಕುಗ್ಗುತ್ತದೋ ಝಿಪ್ ಟೈ ಅಲ್ಲಿಯವರೆಗೆ ಸರಿದು ನಿಲ್ಲುತ್ತದೆ. ನೋಡಿದರೆ, ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಫೋಮ್ ತುಂಡಾದ ಬಂಪ್ ಸ್ಟಾಪ್‌ಗೆ ಒತ್ತಿಕೊಂಡೇ ಕೂತಿತ್ತು. ಅಂದರೆ ಸುಮ್ನೆ ನಿಂತಾಗಲೂ ಕಾರಿಗೆ ಕುಗ್ಗೋಕೆ ಒಂದು ಬೆರಳಿನಷ್ಟೇ ಜಾಗ. ಅದು ಮುಗಿದ ಮೇಲೆ ತೂಕ ಹೊರುವುದು ಸ್ಪ್ರಿಂಗ್ ಅಲ್ಲ, ಆ ಗಟ್ಟಿ ಫೋಮ್ ತುಂಡು. ತಿರುವಿನಲ್ಲಿ ಹಾಗಾದರೆ ಟೈರ್ ಹಿಡಿತ ಬಿಡುತ್ತದೆ. ನನಗೆ ಆಗಿದ್ದೂ ಅದೇ.

ಸ್ಪ್ರಿಂಗ್ ಕಾರನ್ನು ಹೊರುತ್ತದೆ. ಆ ಸ್ಪ್ರಿಂಗ್ ಕುಣಿಯದಂತೆ ಹಿಡಿಯುವುದು ಶಾಕ್, ಒಳಗಿನ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸಿ ಆ ಕುಣಿತವನ್ನು ಬಿಸಿ ಮಾಡಿ ಕಳೆಯುತ್ತದೆ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಅದನ್ನು ಅಷ್ಟೇ ಚೆನ್ನಾಗಿ ಹಿಡಿಯೋಕೆ ಶಾಕ್‌ನ ಬಲವೂ ಸುಮಾರು 1.4 ಪಟ್ಟು ಆಗಬೇಕು. ಸವೆದ ಶಾಕ್ ಎಲ್ಲಿಂದ ತರುತ್ತದೆ ಆ ಬಲ? ಅದಕ್ಕೇ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಶಾಕ್ ತಗೊಳ್ಳಿ, ಸ್ಪ್ರಿಂಗ್ ಕಂಪನಿಯದೇ ಇರಲಿ ಅಂತ ನಾನು ಹೇಳುವುದು. ಹೊಸ ಶಾಕ್ ಹಾಕಿದ ಹಳೇ ಕಾರು ಹೊಸ ಕಾರಿನ ಹಾಗೇ ಓಡುತ್ತದೆ, ಓಡಿಸಿ ನೋಡಿದವರಿಗೆ ಗೊತ್ತು.

ನಾನು ಕೊನೆಗೆ ಬಿಲ್‌ಸ್ಟೀನ್, ಕೋನಿ ಅನ್ನೋ ಎರಡು ಕಂಪನಿಗಳ ಶಾಕ್ ನಡುವೆ ತುಂಬಾ ದಿನ ತೂಗಿದೆ. ಬಿಲ್‌ಸ್ಟೀನ್ ಒಂದೇ ಕೊಳವೆಯದು, ಒಳಗೆ ಒತ್ತಡದ ಗ್ಯಾಸ್ ಇರುವುದರಿಂದ ಎಣ್ಣೆ ನೊರೆಯಾಗುವುದಿಲ್ಲ, ಬಿಸಿ ಬೇಗ ಹೊರಗೆ ಹೋಗುತ್ತದೆ. ರೇಸ್ ಟ್ರ್ಯಾಕಿಗೇ ಜಾಸ್ತಿ ಹೋಗುವವನಾಗಿದ್ದರೆ ಅದನ್ನೇ ತಗೊಳ್ತಿದ್ದೆ. ಆದರೆ ಹಳದಿ ಕೋನಿಯಲ್ಲಿ ಸ್ಪ್ರಿಂಗ್ ವಾಪಸ್ ಹಿಗ್ಗುವ ವೇಗವನ್ನು ಮೇಲಿನಿಂದಲೇ ತಿರುಗಿಸಿ ಹೊಂದಿಸಬಹುದು, ನನಗೆ ಬೇಕಾಗಿದ್ದು ಅದು. ಜೊತೆಗೆ ಹಾಕಿದ ಸ್ಪ್ರಿಂಗ್ ಮುಂದೆ ಇಂಚಿಗೆ 300 ಪೌಂಡ್ (ಒಂದು ಇಂಚು ಕುಗ್ಗಿಸೋಕೆ ಬೇಕಾದ ಭಾರ), ಹಿಂದೆ 200. ಕಂಪನಿಯದು ಇದರ ಅರ್ಧದ ಆಸುಪಾಸು. ಇದಕ್ಕಿಂತ ಗಟ್ಟಿ ಬೇಡ ಅಂತ ನಿರ್ಧಾರ ಮಾಡಿದ್ದು 880 ಹೆದ್ದಾರಿಯಿಂದ. ಓಕ್‌ಲ್ಯಾಂಡ್ ಹತ್ತಿರ 580ರಲ್ಲಿ ಭಾರೀ ಲಾರಿಗಳನ್ನು ಬಿಡುವುದಿಲ್ಲ, ಎಲ್ಲವೂ 880ಕ್ಕೇ ಬರುತ್ತವೆ, ರಸ್ತೆ ಹೇಗಿರಬಹುದು ನೀವೇ ಯೋಚಿಸಿ. ನನ್ನ ದಿನದ ದಾರಿ ಅದು. ಎತ್ತರ ಒಂದು ಇಂಚಷ್ಟೇ ತಗ್ಗಿಸಿದೆ. 1999ರ ಮಿಯಾಟಾದ ಮೇಲಿನ ಮೌಂಟ್, ಅಂದರೆ ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ, ಈ ಕಾರಿಗೂ ಕೂರುತ್ತದೆ, ಅದರಿಂದ ಶಾಕ್‌ಗೆ ಇನ್ನಷ್ಟು ಜಾಗ ಸಿಗುತ್ತದೆ. ಅದನ್ನೂ ಹಾಕಿದೆ.

ಕೂರಿಸುವವರಿಗೆ ಒಂದು ಮಾತು ತಪ್ಪದೆ ಹೇಳಿ. ವಿಶ್‌ಬೋನ್ ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್‌ನ ಬೋಲ್ಟುಗಳನ್ನು ಕಾರು ಜ್ಯಾಕ್ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಟ್ಟು ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಬಿಟ್ಟರೆ ಟೈರಿನ ಒಳಅಂಚು ತಿಂದು ಹೋಗುತ್ತದೆ.

ಇನ್ನು ಸ್ಪ್ರಿಂಗ್ ಕಟ್ ಮಾಡಿಸುವ ವಿಷಯ. ಸುತ್ತು ಕಮ್ಮಿಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಕುಗ್ಗುವ ಜಾಗ ಕಮ್ಮಿಯಾಗುತ್ತದೆ. ಎರಡೂ ಒಟ್ಟಿಗೆ ಆಗುವುದು ಒಳ್ಳೆಯದಲ್ಲ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಜಾಗ ತಪ್ಪಲೂಬಹುದು. ನಮ್ಮೂರ ಹಂಪ್‌ಗಳ ಮೇಲೆ ಇಂಥ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಡ ಕಣೋ.

ಈ ಭಾನುವಾರ ನೀನೂ ಒಂದು ಝಿಪ್ ಟೈ ಕಟ್ಟು. ಶಾಕ್ ರಾಡ್ ಕಾಣದಿದ್ದರೆ ಗ್ಯಾರೇಜಿನವರಿಂದ ಕಟ್ಟಿಸು. ದಿನಾ ಹೋಗೋ ದಾರಿಯಲ್ಲೇ ಹೋಗಿ ಬಂದು ಫೋಟೋ ಕಳಿಸು, ಎಷ್ಟು ಜಾಗ ಉಳಿದಿದೆ ಅಂತ ನೋಡಿ ಆಮೇಲೆ ಸ್ಪ್ರಿಂಗ್ ಬಗ್ಗೆ ಮಾತಾಡೋಣ.