ಎಡಕ್ಕೆ ಬಾಣ, ನೇರಕ್ಕೆ ಪ್ರಯಾಣ

ಹುಬ್ಬಳ್ಳಿಯ ಯಾವ ಸಿಗ್ನಲ್ಲಿಗೆ ಹೋದರೂ ಈ ದೃಶ್ಯ ಸಿಗುತ್ತದೆ. ನೆಲದ ಮೇಲೆ ಎಡಕ್ಕೆ ಬಾಗಿದ ಬಿಳಿ ಬಾಣ. ಅದರ ಮೇಲೆ ನೇರ ಹೋಗಲು ಹೊಂಚು ಹಾಕಿ ನಿಂತ ಕಾರು. ಕಾರಿನ ಬೆನ್ನಿಗೆ ನಿಜಕ್ಕೂ ಎಡಕ್ಕೆ ಹೋಗಬೇಕಾದ ಟಂಟಂ ಆಟೊ, ಮತ್ತು ಅದರ ಹಾರ್ನ್. ಕೊನೆಗೆ ಕಾರಿನವರು ಗಾಜು ಇಳಿಸುತ್ತಾರೆ. "ಏನೋ ತಮ್ಮಾ, ಬಾಣ ಅಂದ್ರ ಕಾಯ್ದೆ ಏನು? ಪೇಂಟ್ ಐತಿ ಅದು!" ಟಂಟಂ ತಮ್ಮನ ಹತ್ತಿರ ಹಾರ್ನ್ ಇದೆ, ಕಾಯ್ದೆ ಪುಸ್ತಕ ಇಲ್ಲ. ಹಾಗಾಗಿ ವಾದದಲ್ಲಿ ಕಾರಿನವರೇ ಗೆಲ್ಲುತ್ತಾರೆ.

ಗೆಲ್ಲಬಾರದಿತ್ತು. ಆದರೆ ಕಾರಿನವರ ಮಾತಿನಲ್ಲಿ ಒಂದು ಎಳೆ ಸತ್ಯ ಇರುವುದೂ ನಿಜ. ಅವರಿಗೆ ಅದು ಗೊತ್ತಿಲ್ಲ ಎಂಬುದೇ ಸಮಾಧಾನ.

1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನಲ್ಲಿ ಸಂಚಾರ ಚಿಹ್ನೆ ಎಂದರೆ ಏನೇನು ಎಂದು ಹೇಳಿದೆ. ಸಿಗ್ನಲ್, ಎಚ್ಚರಿಕೆ ಫಲಕ, ದಾರಿ ತೋರಿಸುವ ಕಂಬ, ಇವುಗಳ ಜೊತೆಗೆ ರಸ್ತೆಯ ಮೇಲಿನ ಗುರುತುಗಳೂ ಅದರಲ್ಲಿ ಸೇರಿವೆ. ಅಂದರೆ ಬಾಣ ಬರೀ ಪೇಂಟ್ ಅಲ್ಲ; ಕಂಬದ ಮೇಲಿನ ಫಲಕ ಯಾವ ಮನೆತನದ್ದೋ ಇದೂ ಅದೇ ಮನೆತನದ್ದು. ಇಲ್ಲಿಗೆ ಟಂಟಂನವನಿಗೆ ಒಂದು ಅಂಕ. ಮುಂದೆ 119ನೇ ಕಲಂ ಬರುತ್ತದೆ. ಚಾಲಕ ಚಿಹ್ನೆ ಪಾಲಿಸಲೇಬೇಕು ಎನ್ನುವುದು ಇದೇ ಕಲಂ. ಆದರೆ ಯಾವ ಚಿಹ್ನೆ? 'ಕಡ್ಡಾಯ ಸಂಚಾರ ಚಿಹ್ನೆ'. ಅದಕ್ಕೆ ಅಲ್ಲೇ ಅರ್ಥ ಕೊಟ್ಟಿದ್ದಾರೆ: ಕಾಯ್ದೆಯ ಅನುಸೂಚಿಯ ಎ ಭಾಗದಲ್ಲಿರುವ ಚಿಹ್ನೆಗಳು, ಅಥವಾ ಅದೇ ರೂಪದವು, ಎಂದರೆ ಕೆಂಪು ಹಿನ್ನೆಲೆ ಇಲ್ಲವೇ ಕೆಂಪು ಅಂಚಿನ ದುಂಡು ಬಿಲ್ಲೆ ಇರುವಂಥವು. ನಮ್ಮ ಬಾಣ ದುಂಡಗೂ ಇಲ್ಲ, ಕೆಂಪಗೂ ಇಲ್ಲ. ಕಾರಿನವರು ಇಷ್ಟು ಓದಿ ಪುಸ್ತಕ ಮುಚ್ಚಿದರೆ ಅವರಿಗೆ ಜಯ.

ಮುಚ್ಚಬಾರದು. ಅದೇ 119ನೇ ಕಲಂ ಅದೇ ಉಸಿರಿನಲ್ಲಿ ಇನ್ನೂ ಒಂದು ಮಾತು ಹೇಳುತ್ತದೆ: ಕೇಂದ್ರ ಸರ್ಕಾರ ಮಾಡಿದ ಚಾಲನಾ ನಿಯಮಾವಳಿಗೆ ತಕ್ಕಂತೆಯೇ ಗಾಡಿ ಓಡಿಸಬೇಕು. 118ನೇ ಕಲಮಿನಡಿ 2017ರಲ್ಲಿ ಹೊರಟ ಆ ನಿಯಮಾವಳಿಯ 6ನೇ ನಿಯಮ ಲೇನ್ ಸಂಚಾರದ್ದು. ಲೇನ್ ಗುರುತು ಇರುವ ರಸ್ತೆಯಲ್ಲಿ ಲೇನ್ ಒಳಗೇ ಇರಬೇಕು, ಬದಲಿಸುವಾಗ ಇಂಡಿಕೇಟರ್ ಹಾಕಬೇಕು, ಅಖಂಡ ಗೆರೆ ದಾಟಬಾರದು. ಎಡಕ್ಕೆ ಎಂದು ಬಾಣ ಇರುವ ಲೇನಿನಿಂದ ನೇರ ನುಗ್ಗಬೇಕಾದರೆ ಚೌಕದ ಬಾಯಲ್ಲಿ ಪಕ್ಕದ ಲೇನಿಗೆ ಹಾಯಲೇಬೇಕು. ಅಲ್ಲಿಗೆ ಸಿಕ್ಕಿಬಿದ್ದಂತೆ. 2019ರ ತಿದ್ದುಪಡಿ ಇದಕ್ಕೆಂದೇ 177ಎ ಎಂಬ ಕಲಂ ಹುಟ್ಟಿಸಿದೆ: ಚಾಲನಾ ನಿಯಮಾವಳಿ ಮುರಿದರೆ 500 ರೂಪಾಯಿಗೆ ಕಡಿಮೆ ಇಲ್ಲದಂತೆ, 1000 ರೂಪಾಯಿವರೆಗೆ ದಂಡ. ಅಡ್ಡಾದಿಡ್ಡಿ ನುಗ್ಗಿ ಇನ್ನೊಬ್ಬರ ಜೀವಕ್ಕೆ ಕುತ್ತು ತಂದರೆ ಅದು 184ನೇ ಕಲಮಿಗೆ, ಅಪಾಯಕಾರಿ ಚಾಲನೆಗೆ, ಜಿಗಿಯುತ್ತದೆ. ಅಲ್ಲಿ ದಂಡ 1000ದಿಂದ 5000, ಜೊತೆಗೆ ಜೈಲಿನ ಮಾತೂ ಇದೆ.

ಒಟ್ಟಿನಲ್ಲಿ ಬಾಣ ಮುಂಬಾಗಿಲಿನಿಂದ ಕಾಯ್ದೆಯೊಳಗೆ ಬರಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ಕೂತಿದೆ. ಜರ್ಮನರು ಇಷ್ಟು ಸುತ್ತಿಲ್ಲ. ಬಾಣಗಳ ನಡುವೆ ಲೇನ್ ಗೆರೆ ಇದ್ದರೆ ಮುಂದಿನ ಚೌಕದಲ್ಲಿ ಬಾಣ ತೋರಿದ ಕಡೆಗೇ ಹೋಗಬೇಕು ಎಂದು ನೇರವಾಗಿ ಬರೆದುಕೊಂಡಿದ್ದಾರೆ. ನಮ್ಮಲ್ಲೂ ಬಾಣದ ಬಲ ಇರುವುದು ಅಕ್ಕಪಕ್ಕದ ಗೆರೆಯಲ್ಲೇ. ಗೆರೆ ಅಳಿಸಿ ಬಾಣ ಮಾತ್ರ ಉಳಿದಿದ್ದರೆ ಯಾವ ಲೇನಿನ ಬಾಣ ಎಂದು ಕೇಳುವ ವಕೀಲರಿಗೆ ಒಳ್ಳೆಯ ದಿನ.

ಇನ್ನು ಪಾಳಿ ಯಾರದ್ದು ಮೊದಲು ಎಂಬುದು. ನಡುವೆ ನಿಂತ ಪೊಲೀಸರ ಕೈ ಎಲ್ಲಕ್ಕಿಂತ ಮೇಲು, ಆಮೇಲೆ ದೀಪ, ಆಮೇಲೆ ಫಲಕ, ನೆಲದ ಬಾಣ ಕೊನೆಗೆ. ಸಂಜೆ ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಪೊಲೀಸರು "ನಡೀರಿ, ನಡೀರಿ, ಸೀದಾ ಹೋಗ್ರಿ" ಎಂದು ಕೈ ಬೀಸಿದಾಗ ಕೆಲವು ನಿಷ್ಠಾವಂತರು ಗಾಡಿ ನಿಲ್ಲಿಸಿ ಬಾಣದತ್ತ ಬೆರಳು ಮಾಡುತ್ತಾರೆ. ವರ್ಷವಿಡೀ ಕಣ್ಣಿಗೆ ಬೀಳದ ಬಾಣ ಅವತ್ತೇ ಬಿದ್ದಿರುತ್ತದೆ. ಸೀದಾ ಹೋಗುವುದೇ ಸರಿ. ಪೊಲೀಸರ ನಿರ್ದೇಶನ ಪಾಲಿಸುವುದೂ 119ನೇ ಕಲಮಿನಲ್ಲೇ ಇದೆ, ಅದೂ ಹೆಸರು ಹಿಡಿದು.

ಫ್ರೀ ಲೆಫ್ಟ್ ಎಂಬುದು ಇದಕ್ಕಿಂತ ದೊಡ್ಡ ಪುರಾಣ. ಎಡಕ್ಕೆ ಯಾವಾಗ ಬೇಕಾದರೂ ಹೋಗಬಹುದು ಎಂಬುದು ಹುಬ್ಬಳ್ಳಿ-ಧಾರವಾಡದಲ್ಲಿ ಹಾಲು ಕುಡಿಯುವ ವಯಸ್ಸಿನಲ್ಲೇ ಕಲಿತ ವಿದ್ಯೆ. ಕೆಂಪು ದೀಪ ಎಡಕ್ಕೆ ಹೋಗುವವರಿಗೂ ಕೆಂಪೇ. ಅಲ್ಲಿ ಫಲಕ ಇದ್ದರೆ, ಅಥವಾ ದೀಪದಲ್ಲೇ ಹಸಿರು ಬಾಣ ಬಿದ್ದರೆ ಮಾತ್ರ ಬಿಡುಗಡೆ. ನೆಲದ ಎಡ ಬಾಣ ಹೇಳುವುದು ಈ ಲೇನ್ ಎಡಕ್ಕೆ ಎಂದು, 'ಈಗಲೇ' ಎಂದಲ್ಲ. ಆದ್ದರಿಂದ ಟಂಟಂನವನ ಹಾರ್ನಿನಲ್ಲಿ ಅರ್ಧ ನ್ಯಾಯ ಮಾತ್ರ ಇದೆ. ಫಲಕ ಇಲ್ಲದ ಕಡೆ ಅವನೂ ಕಾಯಬೇಕಿತ್ತು. ಕಾರಿನವರು ಅಲ್ಲಿ ನಿಲ್ಲಲೇಬಾರದಿತ್ತು. ಇಬ್ಬರೂ ತಪ್ಪಾಗಿರುವಾಗ ಜಗಳ ಎಷ್ಟು ಸೊಗಸಾಗಿರುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಹೊಸೂರು ಕಡೆಯ ಸಂಜೆಗಳೇ ಸಾಕ್ಷಿ.

ಬಾಣ ಕಾಣಲಿಲ್ಲ ಎಂಬ ನೆಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರಸ್ತೆ ಗುರುತುಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 35 ಎಂಬ ಸಂಹಿತೆ ಇದೆ, ಈಚಿನ ಪರಿಷ್ಕರಣೆ 2015ರದ್ದು. ಊರೊಳಗಿನ ಬಾಣ 3.5 ಮೀಟರ್ ಉದ್ದ, ವೇಗದ ರಸ್ತೆಯಲ್ಲಿ 5 ಮೀಟರ್. ಫುಟ್‌ಪಾತಿನಿಂದ ನೋಡಿದರೆ ಯಾರೋ ಹಿಡಿದು ಎಳೆದಂತೆ ವಿಕಾರವಾಗಿ ಉದ್ದ ಕಾಣುತ್ತದೆ. ಸ್ಟಿಯರಿಂಗ್ ಹಿಂದೆ ಕೂತವರ ಕಣ್ಣಿಗೆ ರಸ್ತೆ ತೀರಾ ಓರೆಯಾಗಿ ಬೀಳುವುದರಿಂದ ಅದೇ ಬಾಣ ಕುಗ್ಗಿ ಸರಿಯಾಗಿ ಕಾಣುತ್ತದೆ. ಆದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 11 ಮೀಟರ್ ಸಾಗುತ್ತೇವೆ. ಬಾಣದ ಒಂದು ತುದಿಯಿಂದ ಇನ್ನೊಂದು ತುದಿ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅದಕ್ಕೇ ಒಂದೇ ಲೇನಿನಲ್ಲಿ ಬಾಣವನ್ನು ಎರಡು ಮೂರು ಸಲ ಬರೆಯುತ್ತಾರೆ. ಆಗಲೂ ಒಂದು ತೊಡಕು. ಆಲ್ಟೊ ಕೆ10 ಕಾರಿನ ಉದ್ದ 3.53 ಮೀಟರ್. ಕೆಂಪು ದೀಪಕ್ಕೆ ಸಾಲು ನಿಂತಾಗ ಒಂದು ಆಲ್ಟೊ ಒಂದು ಬಾಣವನ್ನು, ತಾನೇ ಮೂರು ಸೆಂಟಿಮೀಟರ್ ಮಿಕ್ಕಿ, ಪೂರ್ತಿ ನುಂಗುತ್ತದೆ. ಸಾಲು ತುಂಬಿದ ಮೇಲೆ ಬಂದವರಿಗೆ ಬಾಣ ಎಲ್ಲಿಂದ ಕಾಣಬೇಕು? ತಲೆಯ ಮೇಲೆ ಫಲಕವೂ ಇರಬೇಕು ಎನ್ನುವುದು ಇದಕ್ಕೇ.

ಬಣ್ಣದ ವಿಷಯ. ಮುಖ್ಯ ರಸ್ತೆಗಳಲ್ಲಿ ಬಳಸುವುದು ಡಬ್ಬಿ ಪೇಂಟ್ ಅಲ್ಲ, ಥರ್ಮೋಪ್ಲಾಸ್ಟಿಕ್. ಸುಮಾರು 180 ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎರಡೂವರೆ ಮಿಲಿಮೀಟರ್ ದಪ್ಪ ಎಳೆದು, ಬಿಸಿ ಆರುವ ಮುಂಚೆ ಮೇಲೆ ಗಾಜಿನ ಸಣ್ಣ ಮಣಿ ಉದುರಿಸುತ್ತಾರೆ, ಚದರ ಮೀಟರಿಗೆ 250 ಗ್ರಾಂ ಲೆಕ್ಕ. ರಾತ್ರಿ ಹೆಡ್‌ಲೈಟ್ ಬಿದ್ದಾಗ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುವುದು ಆ ಮಣಿಗಳು. ಕೆಡುವುದು ಎಲ್ಲಿ? ಮೊದಲನೆಯದಾಗಿ ದೂಳು. ರಸ್ತೆ ಗುಡಿಸದೆ, ಅಥವಾ ಬೆಳಗಿನ ತೇವ ಆರುವ ಮೊದಲೇ ಎಳೆದರೆ ಬಾಣ ಡಾಂಬರಿಗೆ ಅಂಟುವುದಿಲ್ಲ, ದೂಳಿಗೆ ಅಂಟುತ್ತದೆ. ದೂಳು ಹೋದಾಗ ಬಾಣವೂ ಹೊರಡುತ್ತದೆ. ಕಾಂಕ್ರೀಟ್ ರಸ್ತೆಗೆ ಮೊದಲು ಪ್ರೈಮರ್ ಬಳಿಯಬೇಕು. ಬಳಿಯದಿದ್ದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ, ಬಾಲ ಹೋಗಿ ತಲೆ ಮಾತ್ರ ಉಳಿಯುತ್ತದೆ. ಮೇಲಾಗಿ ಬೆಳ್ಳನೆಯ ಕಾಂಕ್ರೀಟಿನ ಮೇಲೆ ಬಿಳಿ ಬಾಣ ಮಧ್ಯಾಹ್ನದ ಬಿಸಿಲಿಗೆ ಕಾಣುವುದೇ ಇಲ್ಲ. ಸುತ್ತ ಕಪ್ಪು ಹಿನ್ನೆಲೆ ಕೊಟ್ಟರೆ ಕಂಡೀತು. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರ್ ಎರಿ ಮಣ್ಣನ್ನು ಉಚಿತವಾಗಿ ಬಳಿದುಕೊಟ್ಟು ಹೋಗುತ್ತದೆ. ರಂಗಪಂಚಮಿಯ ಮರುದಿನವಂತೂ ಬಾಣ ಗುಲಾಬಿ, ಝೀಬ್ರಾ ಹಸಿರು.

ಎಲ್ಲಕ್ಕಿಂತ ಕೆಟ್ಟದ್ದು ಎರಡು ಬಾಣ. ಸಂಚಾರ ವ್ಯವಸ್ಥೆ ಬದಲಾದಾಗ ಹಳೆಯ ಬಾಣವನ್ನು ಯಂತ್ರದಿಂದ ಕೆರೆದು ತೆಗೆಯಬೇಕು. ಕೆರೆಯಲು ಖರ್ಚು, ಕಪ್ಪು ಬಣ್ಣ ಅಗ್ಗ. ಕಪ್ಪು ಬಳಿದು ಪಕ್ಕದಲ್ಲಿ ಹೊಸದು ಬರೆಯುತ್ತಾರೆ. ಕೆಲವು ತಿಂಗಳಲ್ಲಿ ಕಪ್ಪು ಸವೆದು ಹಳೆಯ ಬಾಣ ಎದ್ದು ಬರುತ್ತದೆ, ಮತ್ತು ಒಂದೇ ಲೇನ್ ಏಕಕಾಲಕ್ಕೆ ಬಲಕ್ಕೂ ನೇರಕ್ಕೂ ಹೊರಡುತ್ತದೆ. ಕಪ್ಪಿನ ಮೇಲೆ ಇನ್ನೊಂದು ಮಾತು: 1989ರ ಹಳೆಯ ರಸ್ತೆ ನಿಯಮಾವಳಿಯ ಪ್ರಕಾರ ಚೌಕದ ಮುಂದಿನ ನಿಲುಗಡೆ ಗೆರೆ ಕನಿಷ್ಠ 50 ಮಿಲಿಮೀಟರ್ ಅಗಲ ಇದ್ದರೆ ಸಾಕಿತ್ತು, ಬಣ್ಣ ಬಿಳಿ, ಹಳದಿ ಅಥವಾ ಕಪ್ಪು. ಡಾಂಬರಿನ ಮೇಲೆ ಎರಡು ಇಂಚಿನ ಕಪ್ಪು ಗೆರೆ ಎಳೆದು, ದಾಟಿದವರಿಗೆ ದಂಡ ಹಾಕುವ ಅವಕಾಶ ಸುಮಾರು ಮೂರು ದಶಕ ಪುಸ್ತಕದಲ್ಲಿತ್ತು.

ಕ್ಯಾಮೆರಾ ಇದ್ದರೆ? 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಕ್ಯಾಮೆರಾ ಹಿಡಿದು ಚಲನ್ ಕಳಿಸಬಹುದಾದ ತಪ್ಪುಗಳ ಪಟ್ಟಿಯಲ್ಲಿ ಮೇಲೆ ಹೇಳಿದ 6ನೇ ನಿಯಮ, ಅಂದರೆ ಲೇನ್ ತಪ್ಪು, ಸ್ಪಷ್ಟವಾಗಿ ಇದೆ. ಇಂಥ ಕ್ಯಾಮೆರಾ ಹಾಕಬೇಕಾದ 132 ಊರುಗಳನ್ನೂ ಹೆಸರಿಸಿದ್ದಾರೆ, ಹುಬ್ಬಳ್ಳಿ-ಧಾರವಾಡ ಅದರಲ್ಲಿದೆ. ಹತ್ತು ಲಕ್ಷ ಜನಸಂಖ್ಯೆಯ ಊರುಗಳ ಜೊತೆಗೆ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಊರುಗಳನ್ನೂ ಆ ಪಟ್ಟಿಗೆ ತೆಗೆದುಕೊಂಡರು. 2011ರ ಗಣತಿಯಲ್ಲಿ ನಮ್ಮ ಅವಳಿ ನಗರ ಹತ್ತು ಲಕ್ಷ ಮುಟ್ಟಿರಲಿಲ್ಲ. ಹಾಗಾದರೆ ಒಳಗೆ ಹೋದದ್ದು ದೂಳಿನ ಕೋಟಾದಲ್ಲಿ. ಬಾಣವನ್ನು ಮುಚ್ಚುವುದೂ ಅದೇ, ಬಾಣ ತಪ್ಪಿದವರ ಮೇಲೆ ಕ್ಯಾಮೆರಾ ತರಿಸಿದ್ದೂ ಅದೇ. ಚಲನ್ ಬಂದರೂ ಅವಸರ ಪಡದವರಿದ್ದಾರೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗಿನಿಂದ ಇವರು ಆಷಾಢದ ಸೀರೆ ಸೇಲಿಗೆ ಕಾದಂತೆ ಮುಂದಿನ ರಿಯಾಯಿತಿಗೆ ಕಾಯುತ್ತಾರೆ.

ತಪ್ಪು ಲೇನಿಗೆ ಬಂದು ಬಿದ್ದಾಯಿತು, ಈಗೇನು? ಗೆರೆ ತುಂಡು ತುಂಡಾಗಿರುವ ತನಕ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಜಾಗ ಸಿಕ್ಕರೆ ಬದಲಿಸಬಹುದು. ಕಿಟಕಿಯಿಂದ ಕೈ ಚಾಚಿ "ಅಣ್ಣಾ, ಒಂದ್ ಸ್ವಲ್ಪ" ಎನ್ನುವುದು ಕಾಯ್ದೆಯಲ್ಲಿ ಇಲ್ಲದಿದ್ದರೂ ಈ ಕಡೆ ಇಂಡಿಕೇಟರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಗೆರೆ ಅಖಂಡವಾದ ಮೇಲೆ ಕಥೆ ಮುಗಿಯಿತು. ಬಾಣ ತೋರಿದ ಕಡೆಗೇ ಹೋಗಿ, ಮುಂದೆ ಸಿಕ್ಕಲ್ಲಿ ತಿರುಗಿ ಬರಬೇಕು. ಚಿಗರಿ ಎಂಬ ಬಿಆರ್‌ಟಿಎಸ್ ಬಸ್ಸಿಗೆಂದೇ ಮೀಸಲಾದ ಕಾರಿಡಾರ್ ಇರುವ ರಸ್ತೆಯಲ್ಲಿ ಆ 'ಮುಂದೆ' ಬಹಳ ಮುಂದೆ ಇರುತ್ತದೆ, ನಡುವೆ ಬೇಲಿ. ಪೆಟ್ರೋಲ್ ಸುಡುತ್ತದೆ, ಮನೆಯವರ ಫೋನ್ ಬರುತ್ತದೆ. ಆದರೂ ಚೌಕದ ಬಾಯಲ್ಲಿ ಎರಡು ಲೇನ್ ಅಡ್ಡ ಹಾಯುವುದಕ್ಕಿಂತ ಅಗ್ಗ.

ಏಕೆಂದರೆ ಬಾಣದ ನಿಜವಾದ ಬೆಲೆ ಚಲನ್ ಪುಸ್ತಕದಲ್ಲಿ ಇಲ್ಲ, ಅಪಘಾತದ ಕಡತದಲ್ಲಿದೆ. ಡಿಕ್ಕಿಯಾದ ಮೇಲೆ ಪೊಲೀಸರು ಸ್ಥಳ ಪಂಚನಾಮೆ ಮಾಡಿ ನಕ್ಷೆ ಬರೆಯುತ್ತಾರೆ: ಯಾವ ಗಾಡಿ ಯಾವ ಲೇನಿನಲ್ಲಿತ್ತು, ಯಾವ ಕಡೆ ಹೊರಟಿತ್ತು. ಪರಿಹಾರದ ಅರ್ಜಿ ಹೋಗುವ ನ್ಯಾಯಮಂಡಳಿಯಲ್ಲಿ ಆ ನಕ್ಷೆ ತೂಕದ ಕಾಗದ. ತಪ್ಪಿನಲ್ಲಿ ಗಾಯಗೊಂಡವರದ್ದೂ ಪಾಲಿದೆ ಎಂದು ಕಂಡುಬಂದರೆ ಆ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ಐದು ಲಕ್ಷ ಸಿಗಬೇಕಾದಲ್ಲಿ ಕಾಲು ಭಾಗ ತಪ್ಪು ತಲೆಗೆ ಬಂದರೆ ಒಂದೂಕಾಲು ಲಕ್ಷ ಹೋಯಿತು. 500 ರೂಪಾಯಿ ದಂಡಕ್ಕೆ ಚೌಕಾಸಿ ಮಾಡುವವರು ಈ ಗಣಿತವನ್ನು ಒಮ್ಮೆ ಮಾಡಬೇಕು.

ಬಾಣವನ್ನು ಬೇಕೆಂದೇ ಅಳಿಸಿದರೂ ತಪ್ಪೇ. ಸಂಚಾರ ಚಿಹ್ನೆ ತೆಗೆಯಬಾರದು, ತಿದ್ದಬಾರದು, ಕೆಡಿಸಬಾರದು ಎನ್ನುತ್ತದೆ 116ನೇ ಕಲಂ. ಗಾಡಿಯಿಂದ ಆಕಸ್ಮಿಕವಾಗಿ ಹಾನಿಯಾದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಪೈಪಿಗೆಂದು ಅಗೆದು, ಬಾಣದ ಸೊಂಟ ಮುರಿದು, ಮಣ್ಣು ಮುಚ್ಚಿ ಹೋಗುವ ಜೆಸಿಬಿಗಳು ಯಾವ ಠಾಣೆಗೆ ತಿಳಿಸುತ್ತವೋ ದೇವರೇ ಬಲ್ಲ.

ಸವೆದ ಬಾಣದ ಬಗ್ಗೆ ದೂರು ಕೊಡುವುದಾದರೆ ಸುಮ್ಮನೆ "ಬಾಣ ಕಾಣ್ತಿಲ್ರೀ" ಎಂದರೆ ಯಾರ ರಸ್ತೆ ಎಂಬ ಚರ್ಚೆಯಲ್ಲೇ ಅರ್ಜಿ ಸವೆಯುತ್ತದೆ. ಊರೊಳಗಿನ ಬೀದಿ ಪಾಲಿಕೆಯದ್ದು, ಹೆದ್ದಾರಿ ಬೇರೆಯವರದ್ದು. ಚೌಕದ ಹೆಸರು, ಯಾವ ಕಡೆಯಿಂದ ಬರುವ ರಸ್ತೆ, ಎಡದಿಂದ ಎಷ್ಟನೇ ಲೇನ್, ಹತ್ತಿರದ ದೀಪದ ಕಂಬದ ಸಂಖ್ಯೆ, ದಿನಾಂಕ ಕಾಣುವ ಫೋಟೊ, ಇಷ್ಟು ಹಾಕಿ ಸಂಚಾರ ಠಾಣೆಗೆ ಒಂದು ಪ್ರತಿ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಮುಂದೆ ಅದೇ ಲೇನಿಗೆ ಚಲನ್ ಬಂದರೆ ಕೋರ್ಟಿನಲ್ಲಿ ತೋರಿಸಲು ಆ ಪ್ರತಿಯೇ ಬೇಕಾಗುತ್ತದೆ. ಫೋಟೊವನ್ನು ಭಾನುವಾರ ಬೆಳಗ್ಗೆ ಬೇಗ ಹೋಗಿ ತೆಗೆಯಿರಿ. ಹತ್ತು ಗಂಟೆಯ ಮೇಲೆ ಹೋದರೆ ಫೋಟೊದಲ್ಲಿ ಆಲ್ಟೊ ಮಾತ್ರ ಬರುತ್ತದೆ.