ಬೊಂಬೆಗೂ ಖಾತೆ ಬೇಕಾ?

ಕಳೆದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಕಾಸರಗೋಡಿಗೆ ಬಂದಿದ್ದ. ಪಿಲಿಕುಂಜೆಯ ಬೊಂಬೆಮನೆಗೆ ಕರೆದುಕೊಂಡು ಹೋದೆ. ಯಕ್ಷಗಾನದ ಬೊಂಬೆಗಳನ್ನು ಕಣ್ಣರಳಿಸಿ ನೋಡಿದ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ, "ಮಾವ, ಇವನ್ನೆಲ್ಲ ಎನ್‌ಎಫ್‌ಟಿ ಮಾಡಿ ಮಾರಬಹುದಲ್ವಾ? ಸುಮ್ನೆ ಕೂತಿವೆ" ಅಂದ. ಎನ್‌ಎಫ್‌ಟಿ ಅಂದರೆ ಡಿಜಿಟಲ್ ಪ್ರತಿಯೊಂದು ಯಾರ ಹೆಸರಲ್ಲಿದೆ ಅಂತ ಬರೆದಿಡುವ ಟೋಕನ್. ಅದನ್ನು ಕೊಳ್ಳಬಹುದು, ಮಾರಬಹುದು.

ಆ "ಸುಮ್ನೆ ಕೂತಿವೆ" ನನಗೆ ಚುಚ್ಚಿತು.

ಅವನ ಮಾತಿಗೆ ಆಧಾರ ಇಲ್ಲ ಅಂತಲ್ಲ. ವಿಯೆನ್ನಾದ ಬೆಲ್ವೆಡೆರೆ ಮ್ಯೂಸಿಯಂ 2022ರ ಫೆಬ್ರವರಿಯಲ್ಲಿ ಕ್ಲಿಮ್ಟ್‌ನ 'ಕಿಸ್' ಚಿತ್ರದ ಡಿಜಿಟಲ್ ಪ್ರತಿಯನ್ನು 10,000 ತುಂಡು ಮಾಡಿ ಮಾರಾಟಕ್ಕಿಟ್ಟಿತು. ಒಂದು ತುಂಡಿಗೆ 1,850 ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಅಸಲಿ ಚಿತ್ರ ಅಲ್ಲೇ ಗೋಡೆಯ ಮೇಲಿದೆ. ಕೊಂಡವರಿಗೆ ಸಿಗುವುದು ಬ್ಲಾಕ್‌ಚೈನ್‌ನಲ್ಲಿ ಒಂದು ದಾಖಲೆ. ನೂರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೇ ಇರುವ ಲೆಕ್ಕದ ಪುಸ್ತಕ ಅದು, ಒಬ್ಬರೇ ತಿದ್ದಲು ಆಗುವುದಿಲ್ಲ.

ನಮ್ಮ ಬೆಂಗಳೂರಿನವರಿಗೆ ಇದು ಬೇಗ ಹಿಡಿಸುತ್ತದೆ. ಸೈಟು ನೋಡಲಿ, ಮನೆ ನೋಡಲಿ, ಮೊದಲು ಕೇಳುವುದೇ "ಖಾತೆ ಯಾರ ಹೆಸರಲ್ಲಿದೆ?" ನಾನೂ ಹಾಗೇ ಬೆಳೆದವನು.

ಇಲ್ಲಿಗೆ ಬಂದ ಮೊದಲ ವರ್ಷ ಪಕ್ಕದ ಮನೆಯವರದು ಹರಕೆ ಆಟ, ಅಂದರೆ ದೇವರಿಗೆ ಹರಕೆ ಹೊತ್ತು ಆಡಿಸುವ ಯಕ್ಷಗಾನ ಇತ್ತು. ಮಗಳ ಮದುವೆಗೆ ಅಂತ ಕೂಡಿಟ್ಟಿದ್ದರಲ್ಲೇ ಒಂದು ಪಾಲು ತೆಗೆದು ಮಾಡಿಸಿದ್ದರು. ದೇವಿ ಮಹಾತ್ಮೆ. ಬಯಲಲ್ಲಿ ಊರಿಗೆ ಊರೇ ಕೂತಿತ್ತು. ಕನ್ನಡ ಬಾರದ ಮಲಯಾಳಿ ನೆರೆಯವರೂ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು. ದೊಂದಿ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದಲೇ ಬಂದಾಗ ಆ ಮಕ್ಕಳೆಲ್ಲ ಎದ್ದು ಚೀರಿದ್ದು ಇನ್ನೂ ಕಿವಿಯಲ್ಲಿದೆ. ದುಡ್ಡು ಹಾಕಿದ ಯಜಮಾನರು ಮಾತ್ರ ರಾತ್ರಿಯಿಡೀ ಚಹಾದ ಪಾತ್ರೆ ಹಿಡಿದು ಓಡಾಡುತ್ತಿದ್ದರು. ಬೆಳಗ್ಗೆ ಅವರ ಕೈಗೆ ಬಂದದ್ದು ಪ್ರಸಾದ, ಮೈಕಿನಲ್ಲಿ ಒಮ್ಮೆ ಹೆಸರು. ಅಷ್ಟೇ.

ನನ್ನೂರಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಹುಡುಗನಿಗೆ ಈ ಆಟದ ಕಥೆ ಹೇಳಿದೆ. ಬೊಂಬೆಗಳು ಸುಮ್ನೆ ಕೂತಿಲ್ಲ, ದಾರ ಹಿಡಿಯುವ ಕೈಗೆ ಕಾಯುತ್ತಿವೆ ಅಂತಲೂ ಹೇಳಿದೆ. ದೊಡ್ಡ ಮ್ಯೂಸಿಯಂಗಳಿಗೂ ಈ ವ್ಯಾಪಾರದಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೇ. ಫ್ಲಾರೆನ್ಸಿನ ಉಫೀಜಿ 2021ರಲ್ಲಿ ಮೈಕೆಲೆಂಜೆಲೊ ಚಿತ್ರವೊಂದರ ಡಿಜಿಟಲ್ ಪ್ರತಿ ಮಾರಿತು. ಅದರ ಕೈಗೆ ಬಂದದ್ದು 70,000 ಯೂರೋ. ಇಂಥ ಮಾರಾಟಕ್ಕೆ ಮರುವರ್ಷ ಇಟಲಿ ಸರ್ಕಾರವೇ ತಡೆ ಹಾಕಿತು.

ಅವನು ವಾದ ಬಿಡಲಿಲ್ಲ. "ಚಿತ್ರ ಎಲ್ಲರೂ ನೋಡ್ತಾರೆ, ದುಡ್ಡು ಕೊಟ್ಟವನಿಗೆ ಹೆಸರು ಮಾತ್ರ. ನಿಮ್ಮ ಹರಕೆ ಆಟವೂ ಅದೇ ಅಲ್ವಾ ಮಾವ?"

ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಹರಕೆಯನ್ನು ಮರುದಿನ ಲಾಭಕ್ಕೆ ಮಾರಲು ಆಗುವುದಿಲ್ಲ ಅನ್ನುವುದು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಆದರೂ ಅವನ ಮಾತನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುತ್ತಿಲ್ಲ. ಬೊಂಬೆಯ ಬಟ್ಟೆಗೂ ಬಣ್ಣಕ್ಕೂ ದುಡ್ಡು ಬೇಕು. ಆ ದುಡ್ಡು ನೇರ ಅಲ್ಲಿಗೇ ಹೋಗುವುದಾದರೆ ನಾನೂ ಒಂದು ಟೋಕನ್ ಕೊಳ್ಳುತ್ತೇನೆ. ಮಾರುವುದಿಲ್ಲ.